ವಿಳಾಸದ ಕಾಲಂ

ಒಂದು ಕಾಲಂ ಖಾಲಿ ಬಿಟ್ಟು
ಆಡಿಟರ್ ಶ್ರೀಕಂಠಪ್ಪ ಪೆನ್ನಿಗೆ ಮುಚ್ಚಳ ಹಾಕಿದರು.
ಹೆಸರು ಸಿಕ್ಕಿದೆ: ಸಮತೂಕ ಸರ್ವೀಸಸ್ ಪ್ರೈವೇಟ್ ಲಿಮಿಟೆಡ್.
ಬಂಡವಾಳ ಒಂದು ಲಕ್ಷ. ನಿರ್ದೇಶಕರು ಇಬ್ಬರು,
ನಾನು ಮತ್ತು ನನ್ನ ತಂಗಿ ಜಯಶೀಲ.
ಇನ್ನು ಅದಕ್ಕೊಂದು ಮನೆ ಬೇಕು,
ಸರ್ಕಾರ ಬಂದು ಬಾಗಿಲು ತಟ್ಟಿದರೆ
ಒಳಗಿನಿಂದ "ಯಾರು?" ಅನ್ನುವಂಥ ಮನೆ.

"ನನ್ನ ಆಫೀಸಿನ ವಿಳಾಸವೇ ಹಾಕಬಹುದಮ್ಮ,
ವರ್ಷಕ್ಕೆ ಆರು ಸಾವಿರ."
ಮೆಟ್ಟಿಲ ಪಕ್ಕದ ಗೋಡೆ ತೋರಿಸಿದರು.
ಹನ್ನೊಂದು ಬೋರ್ಡು, ಒಂದರ ಮೇಲೊಂದು,
ರಾತ್ರಿ ರೈಲಿನ ಬರ್ತುಗಳ ಹಾಗೆ.
ಎಲ್ಲವೂ ಮಲಗಿದ್ದವು.
"ಇಲ್ಲಾಂದ್ರೆ ನಿಮ್ಮ ಮನೇದು ಕೊಡಿ. ಆದ್ರೆ
ನೋಟಿಸು ಬಂದಾಗ ಇಸ್ಕೊಳ್ಳೋಕೆ ಯಾರಾದ್ರೂ ಇರ್ಬೇಕು."

ನಾನು ಮನೆಯಲ್ಲಿ ಇರುವವಳಲ್ಲ.
ಪಾಂಡವಪುರ, ಕೊಪ್ಪ, ಕೆ.ಎಂ. ದೊಡ್ಡಿ,
ಕಬ್ಬಿನ ಲಾರಿ ತೂಗುವ ವೇಬ್ರಿಡ್ಜುಗಳ ಗುಂಡಿಗಿಳಿದು
ಕೊಳೆತ ರವದಿ, ಇಲಿಗೂಡು, ಒಮ್ಮೆ ಒಂದು ಕೇರೆಹಾವನ್ನೂ ತೆಗೆದು,
ಇಪ್ಪತ್ತು ಕೇಜಿಯ ಕಲ್ಲು ಒಂದೊಂದೇ ಹೊತ್ತು ಇಟ್ಟು
ಸೊನ್ನೆಯನ್ನು ಸೊನ್ನೆಗೆ ತರುವುದು ನನ್ನ ಕಸುಬು.
ಹನ್ನೆರಡು ವರ್ಷ ಇನ್ನೊಬ್ಬರ ಬಿಲ್ಲುಪುಸ್ತಕದಲ್ಲಿ ಮಾಡಿದೆ.

ಆರು ಸಾವಿರ ಎಂದರೆ ಎರಡು ಸರ್ವೀಸಿನ ದುಡ್ಡು.
ಕೊಟ್ಟುಬಿಟ್ಟರೆ ತೂಕ ಕಮ್ಮಿ ಬಂತೆಂದು ಕೆರಳಿದ ಗಿರಾಕಿ
ರಾತ್ರಿ ಹತ್ತಕ್ಕೆ ನಮ್ಮ ಮೆಟ್ಟಿಲು ಹತ್ತುವುದಿಲ್ಲ.
ಮಗಳ ಚಪ್ಪಲಿ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ.
ಆಡಿಟರ ಆಫೀಸಿನ ಹುಡುಗ ಲಕೋಟೆ ಇಸಕೊಳ್ಳುತ್ತಾನೆ.
ಆ ಹುಡುಗ ಅಕ್ಕನ ಮದುವೆಗೆಂದು ಎಂಟು ದಿನ ಹೋದರೆ?
ಹನ್ನೆರಡನೆಯದು ನನ್ನದು,
ಹಳೆ ಕ್ಯಾಲೆಂಡರಿನಡಿ ಸಿಕ್ಕಿಕೊಂಡು ಗಡುವು ದಾಟಿದರೆ?

ಕೂಡಿ ಕಳೆದೆ. ಮತ್ತೆ ಕೂಡಿದೆ.
ಎರಡು ತಟ್ಟೆಯೂ ಸಮ ನಿಂತವು.
ಇಂಥ ಕಡೆ ಯಂತ್ರದ್ದೇ ತಪ್ಪಿರುತ್ತದೆ,
ಗುಂಡಿಗಿಳಿದು ನೋಡಬೇಕು.

ಅಮೀನ ಬಂದಾಗ ನನಗೆ ಒಂಬತ್ತು ವರ್ಷ.
ಯಾರದೋ ಚೀಟಿಗೆ ಅಪ್ಪ ಜಾಮೀನು ನಿಂತಿದ್ದರು,
ಪೇಟೆ ಬೀದಿಯ ಸೈಕಲ್ ಶಾಪಿನ ಸಮೇತ.
ಅಟ್ಟದ ಮೇಲೆ ಅಪ್ಪ, ಹುಣಸೆ ಮಡಕೆಗಳ ಹಿಂದೆ.
"ಅಪ್ಪ ಇಲ್ಲ, ಮದ್ದೂರ್ಗೆ ಹೋಗವ್ರೆ" ಅಂದೆ,
ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ.
ಆತ ಬಯ್ಯಲಿಲ್ಲ. ಒಂದು ಹಿಡಿ ಅನ್ನ ಕೇಳಿದ.
ಹಸಿದಿರಬೇಕು ಎಂದು ಅಮ್ಮ ತಟ್ಟೆಯಲ್ಲಿ ತಂದಳು,
ಮೇಲೆ ಒಂದಿಷ್ಟು ಸಾರು ಬಿಡಲೇ ಎಂದಳು.
ಬೇಡವೆಂದು ಆತ ಅನ್ನ ಹಿಸುಕಿ
ನಮ್ಮ ಬಾಗಿಲಿಗೇ ಕಾಗದ ಅಂಟಿಸಿದ.
ಕೋರ್ಟಿನ ಲೆಕ್ಕಕ್ಕೆ ಅಪ್ಪ ಮನೆಯಲ್ಲೇ ಇದ್ದರು.
ವಾರಗಟ್ಟಲೆ ಇರುವೆಗಳು ಅದನ್ನು ಓದಿದವು.
ನಾವು ಓದಲಿಲ್ಲ.

ಬೆಳಗ್ಗೆ ಆಡಿಟರಿಗೆ ಫೋನು ಮಾಡಿದೆ:
ಬರ್ಕೊಳಿ, ಗುತ್ತಲು ರಸ್ತೆ, ಎರಡನೇ ಕ್ರಾಸು, ಮೇಲಿನ ಮನೆ.
ಸೀರೆಗೆ ಫಾಲ್ಸ್ ಹಾಕುತ್ತಾ ಜಯಶೀಲ ಬಾಗಿಲಲ್ಲೇ ಇರುತ್ತಾಳೆ.
ಅವಳಿಗೆ ಹೇಳಿದ್ದು ಇಷ್ಟೇ:
ಯಾರೇ ಬರಲಿ, ಅಕ್ಕ ಇಲ್ಲ ಅನ್ನು, ಪರವಾಗಿಲ್ಲ.
ನಾನಿದ್ದೀನಿ, ಎಲ್ಲಿ ಸಹಿ ಹಾಕ್ಬೇಕು ಅಂತಲೂ ಅನ್ನು.

ಮನೆ ಓನರು ಪುಟ್ಟಸಿದ್ದಮ್ಮ
ಒಪ್ಪಿಗೆ ಪತ್ರವನ್ನು ಮೂರು ಸಲ ಓದಿಸಿಕೊಂಡರು.
"ಕಂಪ್ನಿ ಮುಳ್ಗೋದ್ರೆ ನನ್ ಮನೆ ಹೊತ್ಕೊಂಡೋಯ್ತಾರಾ?"
ಇಲ್ಲ ಎಂದೆ.
ನನ್ನ ಬಾಯಿಂದ ಬಾಗಿಲಲ್ಲಿ ಬಂದ ಎರಡನೇ ಇಲ್ಲ ಅದು,
ನಿಜವಾಗಿರಲಿ ಎಂದು ಅವರ ಹೆಬ್ಬೆರಳನ್ನೇ ನೋಡುತ್ತಿದ್ದೆ.

ಬೋರ್ಡು ಬಂತು, ಕನ್ನಡ ಮೇಲೆ, ಇಂಗ್ಲಿಷು ಕೆಳಗೆ.
ಮೊಳೆ ಹೊಡೆದು ರಸಮಟ್ಟ ಇಟ್ಟೆ.
ಗುಳ್ಳೆ ಒಂದು ಕೂದಲು ಎಡಕ್ಕೆ.
ಕಿತ್ತು ಮತ್ತೆ ಹೊಡೆದೆ. ಮತ್ತೂ ಎಡಕ್ಕೆ.
ಕೆಳಗಿನಿಂದ ಪುಟ್ಟಸಿದ್ದಮ್ಮ, ಅವರೆಕಾಯಿ ಸುಲಿಯುತ್ತಾ,
"ಎಷ್ಟ್ ಸಲ ಕೀಳ್ತೀಯವ್ವ, ಬುಡು.
ನಿನ್ ಕಣ್ಗೆ ನೆಟ್ಗಿದ್ರೆ ಸಾಕು, ವಾಲಿರೋದು ಗೋಡೆ."